ಕ್ರಿಸ್ಮಸ್ ದಿನ ತೂಗಿದ ಕೋಳಿಮರಿಗಳು

1948ರ ಕ್ರಿಸ್ಮಸ್ ದಿನ. ನ್ಯೂಯಾರ್ಕ್ ನಗರದಿಂದ ಸ್ವಲ್ಪ ದೂರದ ಪರ್ಲ್ ರಿವರ್ ಎಂಬ ಊರಿನಲ್ಲಿ, ಲೆಡರ್ಲೆ ಎಂಬ ಔಷಧ ಕಂಪನಿಯ ಪ್ರಯೋಗಾಲಯದಲ್ಲಿ, ಥಾಮಸ್ ಜ್ಯೂಕ್ಸ್ ಒಬ್ಬರೇ ಕುಳಿತು ಕೋಳಿಮರಿಗಳನ್ನು ತೂಗುತ್ತಿದ್ದರು. ಸಹಾಯಕರೆಲ್ಲ ಹಬ್ಬಕ್ಕೆ ಮನೆಗೆ ಹೋಗಿದ್ದರು. ಮರಿಗಳಿಗೇನು ಹಬ್ಬ, ಹುಣ್ಣಿಮೆ? ತೂಕ ನೋಡುವ ದಿನ ಬಂದಿತ್ತು, ನೋಡಲೇಬೇಕಿತ್ತು. ಒಂದು ಗುಂಪಿನ ಮರಿಗಳು ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಭಾರವಾಗಿದ್ದವು. ಅವುಗಳ ಮೇವಿನಲ್ಲಿ ಬೆರೆಸಿದ್ದು ಆರಿಯೋಮೈಸಿನ್ ಎಂಬ ಹೊಸ ಔಷಧ ತಯಾರಾದ ಮೇಲೆ ಉಳಿಯುತ್ತಿದ್ದ ಹುದುಗಿನ ಚರಟ. ಬಿಸಾಡಬೇಕಾದ ಕಸ.

ನಾನು ಪುಣೆಯ ಒಂದು ಆಹಾರ ಪರೀಕ್ಷಾ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿಗಳ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದಾಗಲೆಲ್ಲ ಊಟದ ಸಾಲಿನಲ್ಲಿ ಯಾರಾದರೂ ಕೇಳುವ ಪ್ರಶ್ನೆ ಒಂದೇ: "ಫಾರಂ ಕೋಳಿಗೆ ಇಂಜೆಕ್ಷನ್ ಕೊಟ್ಟು ಬೆಳೆಸ್ತಾರಂತಲ್ಲ, ಹೌದಾ?" ಇಂಜೆಕ್ಷನ್ ಅಲ್ಲ, ಮೇವಿನಲ್ಲಿ ಮತ್ತು ಕುಡಿಯುವ ನೀರಿನಲ್ಲಿ ಎಂದು ನಾನು ಹೇಳುವಷ್ಟರಲ್ಲಿ ಹೋಳಿಗೆ ಬಂದಿರುತ್ತದೆ, ಮಾತು ಮುರಿಯುತ್ತದೆ. ಸಾವಕಾಶವಾಗಿ ಹೇಳಬೇಕಾದ ಕಥೆ ಅದು. ಇಲ್ಲಿ ಬರೆಯುತ್ತಿದ್ದೇನೆ.

ಲೆಡರ್ಲೆಯ ಆ ಪ್ರಯೋಗಾಲಯಕ್ಕೆ ನಮ್ಮ ಕಡೆಯ ಒಂದು ನಂಟಿದೆ. ಅಲ್ಲಿ ಸಂಶೋಧನಾ ನಿರ್ದೇಶಕರಾಗಿದ್ದವರು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದುವಾಗ ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಶಸ್ತ್ರಚಿಕಿತ್ಸೆಯ ಇಂಗ್ಲಿಷ್ ಪ್ರೊಫೆಸರರ ಕಣ್ಣು ಕೆಂಪಾಯಿತು. ಎಂಬಿಬಿಎಸ್ ಬದಲು ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಪದವಿ ಕೈಗೆ ಬಂತು. 1923ರಲ್ಲಿ ಬಾಸ್ಟನ್‌ಗೆ ಹೋದ ಅವರು ಮತ್ತೆ ಊರಿಗೆ ಬರಲೇ ಇಲ್ಲ. ಸೋದರನನ್ನು ಸ್ಪ್ರೂ ಎಂಬ ಕರುಳಿನ ಕಾಯಿಲೆ ಕೊಂದಿತ್ತು. ಆ ಕಾಯಿಲೆಗೆ ಕೆಲಸಕ್ಕೆ ಬರುವ ಫೋಲಿಕ್ ಆಮ್ಲವನ್ನು ತಯಾರಿಸುವ ದಾರಿಯನ್ನು ಅವರ ತಂಡವೇ ಕಂಡುಹಿಡಿಯಿತು. ಆನೆಕಾಲು ರೋಗಕ್ಕೆ ಇಂದಿಗೂ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವ ಮಾತ್ರೆಯೂ ಅಲ್ಲಿಯದೇ. ವಲಸೆ ಹೋದವರ ಬಗ್ಗೆ ಇಷ್ಟೆಲ್ಲ ಬರೆಯುವ ನಾವು ಇವರ ಬಗ್ಗೆ ಬರೆದಿದ್ದು ಕಡಿಮೆಯೇ.

ಸುಬ್ಬರಾವ್ ಅವರ ಕೈಕೆಳಗೆ ಬೆಂಜಮಿನ್ ಡುಗ್ಗರ್ ಎಂಬ ಸಸ್ಯಶಾಸ್ತ್ರಜ್ಞರಿದ್ದರು. ವಿಶ್ವವಿದ್ಯಾಲಯದಿಂದ ನಿವೃತ್ತರಾಗಿ, ಎಪ್ಪತ್ತು ದಾಟಿದ ಮೇಲೆ ಕಂಪನಿಗೆ ಸೇರಿದವರು. ಪರಿಚಯದವರಿಗೆಲ್ಲ ಪತ್ರ ಬರೆದು ದೇಶದ ಮೂಲೆಮೂಲೆಯಿಂದ ಮಣ್ಣು ತರಿಸಿಕೊಳ್ಳುತ್ತಿದ್ದರು. ಮಿಸ್ಸೌರಿ ವಿಶ್ವವಿದ್ಯಾಲಯದ ಸ್ಯಾನ್‌ಬಾರ್ನ್ ಫೀಲ್ಡ್ ಎಂಬ ಹಳೆಯ ಪ್ರಯೋಗದ ಹೊಲದ 23ನೆಯ ತಾಕಿನಿಂದ ಬಂದ ಹಿಡಿ ಮಣ್ಣಿನಲ್ಲಿ ಚಿನ್ನದ ಬಣ್ಣದ ಒಂದು ಸೂಕ್ಷ್ಮಜೀವಿ ಸಿಕ್ಕಿತು. ಅದು ಸ್ರವಿಸುತ್ತಿದ್ದ ವಸ್ತು ಬಗೆಬಗೆಯ ಬ್ಯಾಕ್ಟೀರಿಯಾಗಳನ್ನು ತಡೆಯುತ್ತಿತ್ತು. ಅದೇ ಆರಿಯೋಮೈಸಿನ್, ಟೆಟ್ರಾಸೈಕ್ಲಿನ್ ಕುಲದ ಮೊದಲ ಔಷಧ. 1948ರ ಬೇಸಿಗೆಯಲ್ಲಿ ಅದನ್ನು ಜಗತ್ತಿಗೆ ಸಾರಿದರು. ಅದೇ ಆಗಸ್ಟ್‌ನಲ್ಲಿ ಸುಬ್ಬರಾವ್ ನಿದ್ದೆಯಲ್ಲೇ ತೀರಿಕೊಂಡರು. ಡಿಸೆಂಬರ್‌ನ ಕೋಳಿಮರಿಗಳನ್ನು ಅವರು ನೋಡಲಿಲ್ಲ.

ಜ್ಯೂಕ್ಸ್ ಹುಡುಕುತ್ತಿದ್ದದ್ದು ಔಷಧವನ್ನಲ್ಲ, ವಿಟಮಿನ್ನು. ಯುದ್ಧದ ನಂತರ ಅಮೆರಿಕದ ಕೋಳಿ ಸಾಕುವವರು ದುಬಾರಿ ಮೀನಿನ ಹಿಟ್ಟು ಬಿಟ್ಟು ಅಗ್ಗದ ಸೋಯಾ ಹಾಕತೊಡಗಿದ್ದರು. ಮರಿಗಳು ಸೊರಗಿದವು. ಮೀನಿನಲ್ಲಿದ್ದು ಸೋಯಾದಲ್ಲಿಲ್ಲದ ಏನೋ ಒಂದು ಇರಬೇಕಲ್ಲ? ಅದು ಬಿ12 ಎಂದು ಆ ವರ್ಷವಷ್ಟೇ ತಿಳಿದಿತ್ತು. ಔಷಧ ಹುದುಗಿಸುವ ಸೂಕ್ಷ್ಮಜೀವಿಗಳು ಬಿ12 ಅನ್ನೂ ತಯಾರಿಸುತ್ತವೆ ಎಂದು ಗೊತ್ತಾದ ಮೇಲೆ ತಮ್ಮದೇ ಕಾರ್ಖಾನೆಯ ಚರಟವನ್ನು ಜ್ಯೂಕ್ಸ್ ಮರಿಗಳಿಗೆ ತಿನ್ನಿಸಿ ನೋಡಿದರು. ಆದರೆ ಚರಟ ತಿಂದ ಮರಿಗಳು ಬಿ12 ತುಂಬಿದ ಪಿತ್ತಜನಕಾಂಗದ ಸಾರ ತಿಂದ ಮರಿಗಳನ್ನೂ ಮೀರಿಸಿದವು. ಜ್ಯೂಕ್ಸ್ ಮತ್ತು ಅವರ ಸಹೋದ್ಯೋಗಿ ರಾಬರ್ಟ್ ಸ್ಟಾಕ್‌ಸ್ಟಾಡ್ ಕೊನೆಗೆ ಕಂಡುಕೊಂಡಿದ್ದು, ಬೆಳೆಸುತ್ತಿರುವುದು ಚರಟದಲ್ಲಿ ಉಳಿದ ಚೂರುಪಾರು ಆರಿಯೋಮೈಸಿನ್ ಎಂದು. 1950ರ ಏಪ್ರಿಲ್ 10ರಂದು ನ್ಯೂಯಾರ್ಕ್ ಟೈಮ್ಸ್ ಅದನ್ನು ಮುಖಪುಟದಲ್ಲಿ ಹಾಕಿತು. ಮರುವರ್ಷವೇ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಮೇವಿಗೆ ಆಂಟಿಬಯೋಟಿಕ್ ಬೆರೆಸಲು ಒಪ್ಪಿತು, ಪಶುವೈದ್ಯರ ಚೀಟಿಯೂ ಬೇಡವೆಂದಿತು. ಇಂಗ್ಲೆಂಡ್ 1953ರಲ್ಲಿ ಅದೇ ಹಾದಿ ಹಿಡಿಯಿತು.

ಇಲ್ಲಿ ಒಂದು ಮಾತು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮಿನಲ್ಲಿ ನೊಬೆಲ್ ಭಾಷಣ ಮಾಡುತ್ತ ಒಬ್ಬ ಕಾಲ್ಪನಿಕ ಗಂಡಸಿನ ಕಥೆ ಹೇಳಿದ್ದರು. ಗಂಟಲು ನೋವಿಗೆ ಅವನು ಅಂಗಡಿಯಿಂದ ಪೆನಿಸಿಲಿನ್ ತಂದು ಸಾಲದಷ್ಟು ನುಂಗುತ್ತಾನೆ. ರೋಗಾಣುಗಳು ಸಾಯದೆ ಔಷಧವನ್ನು ಎದುರಿಸಲು ಕಲಿಯುತ್ತವೆ. ಅವು ಹೆಂಡತಿಗೆ ಅಂಟಿ, ಔಷಧ ನಾಟದೆ ಅವಳು ಸಾಯುತ್ತಾಳೆ. ಅರೆಬರೆ ಕಳೆ ಕಿತ್ತರೆ ಬೇರು ಗಟ್ಟಿಯಿದ್ದದ್ದು ಮಾತ್ರ ಉಳಿದು ಹೊಲವನ್ನೆಲ್ಲ ಆವರಿಸಿಕೊಳ್ಳುತ್ತದೆ ಎಂಬುದು ರೈತರ ಮನೆಯವರಿಗೆ ಗೊತ್ತಿರುವ ಸಂಗತಿ. ಟನ್ ಮೇವಿಗೆ ಕೆಲವೇ ಗ್ರಾಂ ಔಷಧ ಬೆರೆಸುವುದೆಂದರೆ ಈ ಅರೆಬರೆ ಕಳೆ ಕೀಳುವುದನ್ನೇ ಕೋಟಿಗಟ್ಟಲೆ ಪ್ರಾಣಿಗಳ ಕರುಳಿನಲ್ಲಿ, ದಿನವೂ, ಬದುಕಿಡೀ ಮಾಡಿದಂತೆ. ಎಚ್ಚರಿಕೆ ಮೊದಲು ಬಂದಿತ್ತು, ಅನುಮತಿ ಆಮೇಲೆ ಬಂತು. ಈ ಕ್ರಮ ಮುಂದೆ ಮತ್ತೆ ಮತ್ತೆ ಕಾಣಿಸುತ್ತದೆ.

ಉತ್ಸಾಹ ಎಲ್ಲಿಗೆ ಮುಟ್ಟಿತೆಂದರೆ, ಸತ್ತ ಕೋಳಿಗೂ ಔಷಧ ಕೊಟ್ಟರು. ಲೆಡರ್ಲೆಯ ಒಡೆತನ ಹೊಂದಿದ್ದ ಅಮೆರಿಕನ್ ಸಯನಮಿಡ್ ಕಂಪನಿ 1950ರ ದಶಕದ ನಡುವೆ ಅಕ್ರೊನೈಸಿಂಗ್ ಎಂಬ ವಿಧಾನ ತಂದಿತು. ಕೊಯ್ದ ಕೋಳಿಯನ್ನು ಆಂಟಿಬಯೋಟಿಕ್ ಬೆರೆಸಿದ ತಣ್ಣೀರಿನಲ್ಲಿ ಅದ್ದಿದರೆ ವಾರಗಟ್ಟಲೆ ಕೆಡುವುದಿಲ್ಲ ಎಂಬ ಜಾಹೀರಾತು. ಮೀನಿಗೂ ಹೀಗೇ ಮಾಡಿದರು. ಸಿಯಾಟಲ್‌ನ ಆರೋಗ್ಯಾಧಿಕಾರಿ ರೈಮರ್ಟ್ ರಾವೆನ್‌ಹೋಲ್ಟ್ ಅವರ ಬಳಿಗೆ ಕೋಳಿ ಕೊಯ್ಯುವ ಕಾರ್ಖಾನೆಯ ಕೂಲಿಗಳು ಕೈತುಂಬ ಕುರು ಎದ್ದು ಬರತೊಡಗಿದರು. ವಿಚಾರಿಸಿದರೆ ಎಲ್ಲ ಈ ಅದ್ದುವ ವಿಧಾನ ಬಳಸುವ ಕಾರ್ಖಾನೆಯವರೇ. 1966ರಲ್ಲಿ ಅನುಮತಿ ರದ್ದಾಯಿತು. ಮೇವಿನ ಅನುಮತಿ ಮಾತ್ರ ಹಾಗೇ ಉಳಿಯಿತು.

ಮೊಸರಿನ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಮೊದಲು ದೂರಿದವರು ವೈದ್ಯರಲ್ಲ, ಹಾಲಿನವರು. ಕೆಚ್ಚಲು ಬಾವಿಗೆ ಹಸುವಿಗೆ ಪೆನಿಸಿಲಿನ್ ಏರಿಸಿ ಮಾರನೆಯ ದಿನವೇ ಹಾಲು ಡೈರಿಗೆ ಹಾಕಿದರೆ ಚೀಸ್ ಮಾಡುವವರ ಹೆಪ್ಪು ಸತ್ತುಹೋಗುತ್ತಿತ್ತು. ಕಾಯಿಸಿದರೆ ಹಾಲಿನ ಬ್ಯಾಕ್ಟೀರಿಯಾ ಸಾಯುತ್ತವೆ, ಔಷಧ ಪೂರ್ತಿ ನಾಶವಾಗುವುದಿಲ್ಲ. ಮೊಸರು ಹೆಪ್ಪುಗಟ್ಟಲಿಲ್ಲವೆಂದರೆ ಚಳಿಯೊಂದೇ ಕಾರಣವಿರಲಿಕ್ಕಿಲ್ಲ.

ಹೆಪ್ಪಿನ ಮಾತು ಬಂತಲ್ಲ, ಇಡೀ ಕಥೆಯ ಕೀಲಿ ಇರುವುದೂ ಅಲ್ಲೇ. ಯುದ್ಧಾನಂತರದ ಜಪಾನಿನಲ್ಲಿ ರಕ್ತಭೇದಿ ಹೆಚ್ಚಾಗಿತ್ತು. 1950ರ ದಶಕದ ಕೊನೆಗೆ ಅಲ್ಲಿನ ವೈದ್ಯರಿಗೆ ವಿಚಿತ್ರವೊಂದು ಕಂಡಿತು. ರಕ್ತಭೇದಿಯ ಶಿಗೆಲ್ಲಾ ಒಂದಲ್ಲ, ನಾಲ್ಕು ಔಷಧಗಳಿಗೆ ಒಟ್ಟಿಗೆ ಬಗ್ಗದಂತಾಗಿತ್ತು. ಅದೇ ರೋಗಿಯ ಕರುಳಿನಲ್ಲಿದ್ದ ನಿರುಪದ್ರವಿ ಇ.ಕೋಲೈ ಕೂಡ ಅದೇ ನಾಲ್ಕಕ್ಕೆ ಬಗ್ಗುತ್ತಿರಲಿಲ್ಲ. 1959ರಲ್ಲಿ ಅಕಿಬಾ ಮತ್ತು ಒಚಿಯಾಯ್ ಅವರ ತಂಡಗಳು ಬೇರೆಬೇರೆಯಾಗಿ ತೋರಿಸಿದ್ದು ಇಷ್ಟು: ಎರಡು ಬ್ಯಾಕ್ಟೀರಿಯಾಗಳನ್ನು ಒಂದೇ ಪಾತ್ರೆಯಲ್ಲಿಟ್ಟರೆ ಪ್ರತಿರೋಧ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ತ್ಸುತೊಮು ವತನಾಬೆ 1963ರಲ್ಲಿ ಇಂಗ್ಲಿಷಿನಲ್ಲಿ ದೀರ್ಘವಾಗಿ ಬರೆದ ಮೇಲೆಯೇ ಪಶ್ಚಿಮದವರು ಗಮನಿಸಿದ್ದು. ಈಗ ಪ್ಲಾಸ್ಮಿಡ್ ಎನ್ನುವ ಆ ಪುಟ್ಟ ಡಿಎನ್‌ಎ ಉಂಗುರವನ್ನು ನಾನು ತರಬೇತಿಗೆ ಬಂದ ಹುಡುಗರಿಗೆ ಹೆಪ್ಪು ಎಂದೇ ವಿವರಿಸುತ್ತೇನೆ. ಪಕ್ಕದ ಮನೆಯವರು ಬಟ್ಟಲು ಹಿಡಿದು ಬಂದರೆ ಒಂದು ಚಮಚ ಹೆಪ್ಪು ಕೊಡುತ್ತೀರಿ. ಅವರ ಮನೆಯಲ್ಲೂ ಮೊಸರಾಗುತ್ತದೆ, ನಿಮ್ಮ ಮೊಸರು ಹಾಗೇ ಇರುತ್ತದೆ. ಜಾತಿ ಬೇರೆಯಾದರೂ ಕೊಡುಕೊಳ್ಳುವುದು ನಿಲ್ಲುವುದಿಲ್ಲ. ಕೋಳಿಯ ಕರುಳಿನ ಸಾಧು ಬ್ಯಾಕ್ಟೀರಿಯಾ ಮನುಷ್ಯನ ಕರುಳಿನ ದುಷ್ಟನಿಗೆ ಬಟ್ಟಲು ತುಂಬಿ ಕೊಡಬಲ್ಲದು.

ಇದನ್ನು ಓದಿ ಕೂಡಲೇ ಅರ್ಥ ಮಾಡಿಕೊಂಡವರು ಲಂಡನ್ನಿನ ಕಾಲಿಂಡೇಲ್ ಪ್ರಯೋಗಾಲಯದ ಇ.ಎಸ್. ಆಂಡರ್ಸನ್. 1963ರಿಂದ ಇಂಗ್ಲೆಂಡಿನ ಕರುಗಳಲ್ಲಿ ಟೈಪ್ 29 ಎಂಬ ಸಾಲ್ಮೊನೆಲ್ಲಾ ಹರಡುತ್ತಿತ್ತು. ಹುಟ್ಟಿದ ಕೆಲವೇ ದಿನಕ್ಕೆ ತಾಯಿಯಿಂದ ಬಿಡಿಸಿ, ಲಾರಿಯಲ್ಲಿ ತುಂಬಿ, ದಲ್ಲಾಳಿಯ ಕೊಟ್ಟಿಗೆಯಲ್ಲಿ ನೂರಾರು ಕರುಗಳನ್ನು ಒಟ್ಟಿಗೆ ಕೂಡಿ, ಭೇದಿ ಹಿಡಿದಾಗ ಒಂದಾದ ಮೇಲೊಂದು ಔಷಧ ಸುರಿಯುತ್ತಿದ್ದರು. ಒಂದೊಂದು ಔಷಧಕ್ಕೂ ಆ ಸಾಲ್ಮೊನೆಲ್ಲಾ ಒಂದೊಂದು ಹೊಸ ಪ್ರತಿರೋಧ ಕೂಡಿಸಿಕೊಳ್ಳುತ್ತ ಹೋದುದನ್ನು ಆಂಡರ್ಸನ್ ವರ್ಷ ವರ್ಷ ದಾಖಲಿಸಿದರು. ಅದು ಜನರಿಗೂ ತಗುಲಿತು. ಮುಂಗೋಪಿ, ಯಾರಿಗೂ ಸೊಪ್ಪು ಹಾಕದ ಮನುಷ್ಯ ಎಂಬ ಹೆಸರು ಅವರಿಗಿತ್ತು. ಗದ್ದಲ ಎಬ್ಬಿಸಲು ಅಂಥವರೇ ಬೇಕು. ಸರ್ಕಾರ 1968ರಲ್ಲಿ ಮೈಕೆಲ್ ಸ್ವಾನ್ ಅವರ ಸಮಿತಿ ನೇಮಿಸಿತು, 1969ರ ನವೆಂಬರ್‌ನಲ್ಲಿ ವರದಿ ಬಂತು. ಮನುಷ್ಯರ ಚಿಕಿತ್ಸೆಗೆ ಬೇಕಾದ ಔಷಧಗಳನ್ನು ಪ್ರಾಣಿಗಳ ತೂಕ ಹೆಚ್ಚಿಸಲು ಬಳಸಬೇಡಿ ಎಂಬುದು ಅದರ ತಿರುಳು.

ಸ್ವಾನ್ ವರದಿಯನ್ನು ಹೊಗಳುವವರು ಬಹಳ. ನನಗೆ ಅದರ ಒಳದಾರಿಯ ಮೇಲೆ ಕಣ್ಣು. ಬೆಳೆಸಲು ಕೊಡಬೇಡಿ, ಆದರೆ ಪಶುವೈದ್ಯರ ಚೀಟಿ ಇದ್ದರೆ ರೋಗ ತಡೆಯಲು ಕೊಡಿ ಎಂದಿತು. ಅದೇ ಔಷಧ, ಅದೇ ಮೇವು, ಚೀಲದ ಮೇಲಿನ ಚೀಟಿ ಮಾತ್ರ ಬದಲಾಯಿತು. ಮನುಷ್ಯರಿಗೆ ಬಳಸದ ಔಷಧಗಳಿಗೆ ಬಾಗಿಲು ತೆರೆದೇ ಇತ್ತು. ಆ ಬಾಗಿಲಿನಿಂದ ಬಂದದ್ದು ಅವೊಪಾರ್ಸಿನ್. ಅದು ಆಸ್ಪತ್ರೆಯ ವ್ಯಾಂಕೊಮೈಸಿನ್ ಎಂಬ ಆಪದ್ಬಾಂಧವನ ಹತ್ತಿರದ ನೆಂಟ ಎಂಬುದರ ಬೆಲೆ ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು. 1995ರಲ್ಲಿ ಡೆನ್ಮಾರ್ಕ್ ಅದನ್ನು ನಿಷೇಧಿಸಿತು. ಬೆಳೆಸಲು ಕೊಡುವ ಆಂಟಿಬಯೋಟಿಕ್‌ಗಳನ್ನೆಲ್ಲ ಯುರೋಪ್ ಒಕ್ಕೂಟ ನಿಲ್ಲಿಸಿದ್ದು 2006ರ ಜನವರಿ 1ರಂದು.

ಈ ಇತಿಹಾಸದಲ್ಲಿ ನನಗೆ ತೀರ ಇಷ್ಟವಾದ ಪ್ರಯೋಗ ಬಾಸ್ಟನ್ ಸಮೀಪದ ಒಂದು ಸಣ್ಣ ಫಾರ್ಮಿನದು. ಟಫ್ಟ್ಸ್ ವಿಶ್ವವಿದ್ಯಾಲಯದ ಸ್ಟೂವರ್ಟ್ ಲೀವಿ 1970ರ ದಶಕದ ನಡುವೆ ಮಾಡಿದ್ದು. ಪಶು ಔಷಧ ತಯಾರಕರ ಸಂಘವೇ ಹಣ ಕೊಟ್ಟಿತ್ತು, ಹೆದರುವಂಥದ್ದೇನೂ ಇಲ್ಲವೆಂದು ಸಾಬೀತಾಗಲಿ ಎಂಬ ಆಸೆಯಿಂದ. 300 ಮರಿಗಳು, ಅರ್ಧಕ್ಕೆ ಟೆಟ್ರಾಸೈಕ್ಲಿನ್ ಬೆರೆಸಿದ ಮೇವು, ಅರ್ಧಕ್ಕೆ ಬರೀ ಮೇವು. ಎರಡು ವಾರ ತುಂಬುವಷ್ಟರಲ್ಲಿ ಔಷಧ ತಿಂದ ಕೋಳಿಗಳ ಕರುಳೆಲ್ಲ ಪ್ರತಿರೋಧಿ ಬ್ಯಾಕ್ಟೀರಿಯಾ. ಅಲ್ಲಿಗೆ ಯಾರಿಗೂ ಆಶ್ಚರ್ಯವಿಲ್ಲ. ಆದರೆ ಲೀವಿ ಆ ಮನೆಯವರ ಮತ್ತು ನೆರೆಹೊರೆಯವರ ಮಲವನ್ನೂ ವಾರವಾರ ಪರೀಕ್ಷಿಸುತ್ತಿದ್ದರು. ಐದಾರು ತಿಂಗಳಾಗುವಷ್ಟರಲ್ಲಿ ಮನೆಯವರ ಮಾದರಿಗಳಲ್ಲಿ ಶೇ. 31.3ರಷ್ಟರಲ್ಲಿ ಬಹುಪಾಲು ಬ್ಯಾಕ್ಟೀರಿಯಾ ಟೆಟ್ರಾಸೈಕ್ಲಿನ್‌ಗೆ ಬಗ್ಗದವಾಗಿದ್ದವು. ನೆರೆಯವರಲ್ಲಿ ಅಂಥ ಮಾದರಿ ಶೇ. 6.8 ಮಾತ್ರ. ಆ ಮನೆಯವರು ಟೆಟ್ರಾಸೈಕ್ಲಿನ್ ನುಂಗಿರಲಿಲ್ಲ, ಆ ಕೋಳಿಗಳನ್ನು ಸಾಕಿದ್ದರು ಅಷ್ಟೇ. ಅಷ್ಟು ಸಾಲದೆಂಬಂತೆ, ಮೇವಿನಲ್ಲಿ ಇಲ್ಲದ ಬೇರೆ ಔಷಧಗಳಿಗೂ ಪ್ರತಿರೋಧ ಬಂದಿತ್ತು. ಹೆಪ್ಪಿನ ಬಟ್ಟಲಿನಲ್ಲಿ ಒಂದರ ಜೊತೆ ಇನ್ನೊಂದು ಅಂಟಿಕೊಂಡು ಬರುತ್ತದೆ. ಮೇವು ನಿಲ್ಲಿಸಿ ಆರು ತಿಂಗಳಾದ ಮೇಲೆ ಮನೆಯವರ ಕರುಳು ಬಹುತೇಕ ಹಿಂದಿನಂತಾಯಿತು.

ಹಣ ಕೊಟ್ಟವರು ಈ ಫಲಿತಾಂಶದಿಂದ ಏನೂ ಕಲಿಯಲಿಲ್ಲ. ಇದು ರೋಗವಲ್ಲವಲ್ಲ, ಬರೀ ಕರುಳಿನ ಬ್ಯಾಕ್ಟೀರಿಯಾ ತಾನೇ ಎಂಬ ವಾದ ಶುರುವಾಯಿತು. ರೋಗವನ್ನೂ ತೋರಿಸಿದರು. 1984ರಲ್ಲಿ ಸ್ಕಾಟ್ ಹೋಂಬರ್ಗ್ ಮತ್ತು ಸಂಗಡಿಗರು, ಔಷಧದ ಮೇವು ತಿಂದ ದನದ ಮಾಂಸದಿಂದ 18 ಜನರಿಗೆ ಸಾಲ್ಮೊನೆಲ್ಲಾ ಹತ್ತಿದ್ದನ್ನು ಫಾರ್ಮಿನವರೆಗೆ ಹೆಜ್ಜೆ ಹಿಡಿದು ಹೋಗಿ ಪ್ರಕಟಿಸಿದರು. ಅವರಲ್ಲಿ 12 ಜನ ಗಂಟಲು ನೋವಿನಂಥ ಬೇರೆ ಕಾರಣಕ್ಕೆ ಪೆನಿಸಿಲಿನ್ ಕುಲದ ಮಾತ್ರೆ ನುಂಗಿದ್ದರು. ಮಾತ್ರೆ ಕರುಳಿನ ಉಳಿದ ಬ್ಯಾಕ್ಟೀರಿಯಾಗಳನ್ನು ಗುಡಿಸಿಹಾಕಿತು, ತೆಪ್ಪಗಿದ್ದ ಸಾಲ್ಮೊನೆಲ್ಲಾಗೆ ಖಾಲಿ ಮನೆ ಸಿಕ್ಕಿತು. ಒಬ್ಬರು ತೀರಿಕೊಂಡರು. ಅಮೆರಿಕದ ಔಷಧ ಇಲಾಖೆ 1977ರಲ್ಲೇ ಪೆನಿಸಿಲಿನ್ ಮತ್ತು ಟೆಟ್ರಾಸೈಕ್ಲಿನ್‌ಗಳನ್ನು ಮೇವಿನಿಂದ ತೆಗೆಯಲು ಹೊರಟಿತ್ತು. ಸಂಸತ್ತು ಇನ್ನಷ್ಟು ಪುರಾವೆ ತನ್ನಿ ಎಂದು ತಡೆದಿತ್ತು. ಪುರಾವೆ ತಂದರು, ತಂದರು, ತರುತ್ತಲೇ ಇದ್ದರು. ತೂಕ ಹೆಚ್ಚಿಸಲು ಮನುಷ್ಯರ ಔಷಧ ಬಳಸುವುದು ಅಲ್ಲಿ ನಿಂತದ್ದು 2017ರ ಜನವರಿಯಲ್ಲಿ. 40 ವರ್ಷ.

ಜ್ಯೂಕ್ಸ್ 1999ರವರೆಗೂ ಬದುಕಿದ್ದರು, ಕೊನೆಯವರೆಗೂ ಮೇವಿನ ಆಂಟಿಬಯೋಟಿಕ್ ಪರವಾಗಿಯೇ ವಾದಿಸಿದರು. ಅವರನ್ನು ಖಳನಾಯಕನಾಗಿಸಲು ನನಗೆ ಮನಸ್ಸಿಲ್ಲ. ಅಣುಗಳ ಮಟ್ಟದ ವಿಕಾಸದ ಬಗ್ಗೆ 1969ರಲ್ಲಿ ಜ್ಯಾಕ್ ಕಿಂಗ್ ಜೊತೆ ಅವರು ಬರೆದ ಪ್ರಬಂಧವನ್ನು ಇಂದಿಗೂ ಓದುತ್ತಾರೆ. ಅಗ್ಗದ ಮಾಂಸ, ಮೊಟ್ಟೆ ಬಡವರ ತಟ್ಟೆಗೆ ಬರಬೇಕೆಂಬುದು ಅವರ ನಿಜವಾದ ನಂಬಿಕೆಯಾಗಿತ್ತೆಂದೇ ನನಗೆ ಅನ್ನಿಸುತ್ತದೆ. ಆದರೆ ವಿಕಾಸದ ಬಗ್ಗೆ ಅಷ್ಟು ತಿಳಿದವರು ಕೋಳಿಯ ಕರುಳಿನಲ್ಲಿ ನಡೆಯುತ್ತಿದ್ದ ವಿಕಾಸಕ್ಕೆ ಬೆನ್ನು ಹಾಕಿ ಕೂತದ್ದು ನನಗೆ ಇವತ್ತಿಗೂ ಬಗೆಹರಿಯದ ಒಗಟು.

ನಮ್ಮ ದೇಶದ ಕಥೆ ತಡವಾಗಿ ಶುರುವಾದರೂ ವೇಗವಾಗಿ ಸಾಗಿತು. ನಾನು ದಿನಾ ಹಾದುಹೋಗುವ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಹುಟ್ಟಿದಾಗ ಪೆನಿಸಿಲಿನ್ ನಮಗೆ ಸಾಲದ ವಸ್ತುವಾಗಿತ್ತು, ಕೋಳಿಗೆ ಹಾಕುವ ಮಾತೇ ಇರಲಿಲ್ಲ. ಎರಡನೆಯ ಪಂಚವಾರ್ಷಿಕ ಯೋಜನೆಯಲ್ಲಿ ಬೆಂಗಳೂರಿನ ಹೆಸರಘಟ್ಟ, ಮುಂಬಯಿಯ ಆರೆ ಸೇರಿ ಐದು ಕಡೆ ಕೇಂದ್ರ ಸರ್ಕಾರದ ಕೋಳಿ ಫಾರ್ಮುಗಳು ಬಂದವು. ಹಿತ್ತಲಿನ ನಾಟಿ ಕೋಳಿ ಹೋಗಿ, ಸಾವಿರಗಟ್ಟಲೆ ಬ್ರಾಯ್ಲರುಗಳು ಒಂದೇ ಸೂರಿನಡಿ ಬಂದದ್ದು ಆಮೇಲಿನ ದಶಕಗಳಲ್ಲಿ. ಅಷ್ಟೊತ್ತಿಗೆ ಔಷಧ ಅಗ್ಗವಾಗಿತ್ತು. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ 2014ರಲ್ಲಿ ರಾಜಧಾನಿ ಸುತ್ತಲಿನ 70 ಕೋಳಿ ಮಾದರಿಗಳನ್ನು ಪರೀಕ್ಷಿಸಿದಾಗ ಶೇ. 40ರಲ್ಲಿ ಆಂಟಿಬಯೋಟಿಕ್ ಶೇಷ ಸಿಕ್ಕಿತು.

ಶೇಷ ಬೇರೆ, ಪ್ರತಿರೋಧಿ ಬ್ಯಾಕ್ಟೀರಿಯಾ ಬೇರೆ. ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ನನ್ನ ಮೇಜಿನ ಮೇಲೆ ಎರಡನೆಯದು ಕಾಣಿಸುತ್ತದೆ. ಮಾಂಸದಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಹರಡಿ, ಔಷಧ ಅದ್ದಿದ ಕಾಗದದ ಬಿಲ್ಲೆಗಳನ್ನಿಟ್ಟು ರಾತ್ರಿ ಬಿಡುತ್ತೇವೆ. ಔಷಧ ನಾಟಿದರೆ ಬಿಲ್ಲೆಯ ಸುತ್ತ ಹುಣ್ಣಿಮೆಯ ಚಂದ್ರನ ಪರಿವೇಷದಂತೆ ಖಾಲಿ ವೃತ್ತ. ನಾಟದಿದ್ದರೆ ಬಿಲ್ಲೆಯ ಅಂಚಿಗೇ ಬಂದು ಮುತ್ತಿಕೊಂಡಿರುತ್ತವೆ. ಚೆನ್ನಾಗಿ ಕುದಿಸಿದ ಸಾರಿನಲ್ಲಿ ಅವು ಬದುಕುವುದಿಲ್ಲ, ಆ ಮಟ್ಟಿಗೆ ನಮ್ಮ ಅಡುಗೆ ಪದ್ಧತಿ ಒಳ್ಳೆಯದೇ. ಅಪಾಯ ಒಲೆಗೆ ಏರುವ ಮುನ್ನ: ನಲ್ಲಿಯ ಕೆಳಗೆ ಕೋಳಿ ತೊಳೆಯುವಾಗ ಸಿಡಿಯುವ ಹನಿಯಲ್ಲಿ, ಅದೇ ಮಣೆಯ ಮೇಲೆ ಹೆಚ್ಚಿದ ಸೌತೆಕಾಯಿಯಲ್ಲಿ. ರೂಮು ಮಾಡಿಕೊಂಡು ಒಂದೇ ಚಾಕು, ಒಂದೇ ಮಣೆಯಲ್ಲಿ ಸಂಸಾರ ಸಾಗಿಸುವ ವಿದ್ಯಾರ್ಥಿಗಳು ಈ ಸಾಲನ್ನು ಎರಡು ಸಲ ಓದಲಿ.

ಎರಡು ವರ್ಷದ ಹಿಂದೆ ಹಾಸನದಲ್ಲಿ ಅಮ್ಮನಿಗೆ ಮೂತ್ರದ ಸೋಂಕಾಯಿತು. ತಮ್ಮ ವಾಟ್ಸಾಪಿನಲ್ಲಿ ಕಳಿಸಿದ ವರದಿಯಲ್ಲಿ ಇ.ಕೋಲೈ, ಅದರ ಕೆಳಗೆ ಔಷಧಗಳ ಪಟ್ಟಿ, ಹೆಚ್ಚಿನವುಗಳ ಮುಂದೆ 'ನಾಟದು' ಎಂಬ ಗುರುತು. ಬೆಳಗಿನಿಂದ ಸಂಜೆವರೆಗೆ ನಾನು ಕೋಳಿಗಳಿಗೆ ಬರೆಯುವ ಪಟ್ಟಿಯೇ ಅದು. ಅಮ್ಮ ಜನ್ಮದಲ್ಲಿ ಮಾಂಸ ಮುಟ್ಟಿದವಳಲ್ಲ. ಅವಳ ಸೋಂಕು ಕೋಳಿಯಿಂದ ಬಂತೆಂದು ನಾನು ಹೇಳುತ್ತಿಲ್ಲ. ನಾವು ಮನುಷ್ಯರೇ ಶೀತಕ್ಕೂ ಜ್ವರಕ್ಕೂ ಅಂಗಡಿಯಿಂದ ತಂದು ನುಂಗಿದ ಮಾತ್ರೆಗಳ ಪಾಲು ದೊಡ್ಡದು. ಆದರೆ ಚರಂಡಿ, ಕೆರೆ, ಗೊಬ್ಬರ, ಕೈ, ಆಸ್ಪತ್ರೆಯ ಹಾಸಿಗೆ ಇವೆಲ್ಲ ಸೇರಿದ ಮೇಲೆ ಸಸ್ಯಾಹಾರಿ, ಮಾಂಸಾಹಾರಿ ಎಂಬ ಗೆರೆ ಬ್ಯಾಕ್ಟೀರಿಯಾಕ್ಕೆ ಕಾಣುವುದಿಲ್ಲ. ಐದು ದಿನ ಇಂಜೆಕ್ಷನ್ ಕೊಟ್ಟ ಮೇಲೆ ಅಮ್ಮ ಎದ್ದು ಕೂತಳು. ಪಟ್ಟಿಯ ಕೊನೆಯ ಸಾಲಿನಲ್ಲಿದ್ದ ಕೊಲಿಸ್ಟಿನ್ ಬೇಕಾಗಲಿಲ್ಲ.

ಆ ಕೊನೆಯ ಸಾಲಿನದೇ ಒಂದು ಕಥೆ. ಕೊಲಿಸ್ಟಿನ್ ಹಳೆಯ ಜಪಾನೀ ಔಷಧ. ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆಂದು ವೈದ್ಯರು ಬದಿಗಿಟ್ಟಿದ್ದರು. ಪಶುಪಾಲಕರು ಮಾತ್ರ ಹಂದಿಗೂ ಕೋಳಿಗೂ ಧಾರಾಳವಾಗಿ ಹಾಕುತ್ತಿದ್ದರು. ಈ ಶತಮಾನದಲ್ಲಿ ಐಸಿಯುಗಳಲ್ಲಿ ಬೇರೆಲ್ಲ ಕೈಕೊಟ್ಟಾಗ ವೈದ್ಯರು ಅದನ್ನೇ ಮತ್ತೆ ಹುಡುಕಿಕೊಂಡು ಹೋದರು. 2015ರ ನವೆಂಬರ್‌ನಲ್ಲಿ ಗುವಾಂಗ್‌ಝೌ ನಗರದ ದಕ್ಷಿಣ ಚೀನಾ ಕೃಷಿ ವಿಶ್ವವಿದ್ಯಾಲಯದ ತಂಡ ಎಂಸಿಆರ್-1 ಎಂಬ ಜೀನನ್ನು ವರದಿ ಮಾಡಿತು. ಕೊಲಿಸ್ಟಿನ್‌ಗೆ ಪ್ರತಿರೋಧ ಕೊಡುವ ಅದು ಪ್ಲಾಸ್ಮಿಡ್ ಮೇಲೆ ಕೂತಿತ್ತು, ಅಂದರೆ ಬಟ್ಟಲಿನಲ್ಲಿ ಕೊಡಬಹುದಾದ ಹೆಪ್ಪು. 804 ಪ್ರಾಣಿಗಳಲ್ಲಿ 166ರಲ್ಲಿ, 523 ಹಸಿ ಮಾಂಸದ ಮಾದರಿಗಳಲ್ಲಿ 78ರಲ್ಲಿ, 1322 ರೋಗಿಗಳಲ್ಲಿ 16 ಜನರಲ್ಲಿ ಅದು ಸಿಕ್ಕಿತು. ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿದೆ ಎಂಬುದನ್ನು ಆ ಮೂರು ಲೆಕ್ಕಗಳೇ ಹೇಳುತ್ತಿದ್ದವು.

ಈ ಸಲ ಯಾರೂ 40 ವರ್ಷ ಕಾಯಲಿಲ್ಲ. ಚೀನಾ 2017ರಲ್ಲಿ ಮೇವಿನ ಕೊಲಿಸ್ಟಿನ್ ನಿಲ್ಲಿಸಿತು. ಆಸ್ಪತ್ರೆಗೆ ಬಂದವರ ಕರುಳಿನಲ್ಲಿ ಆ ಜೀನು ಹೊತ್ತ ಇ.ಕೋಲೈ 2016ರಲ್ಲಿ ಶೇ. 14.3 ಇದ್ದದ್ದು 2019ರಲ್ಲಿ ಶೇ. 6.3ಕ್ಕೆ ಇಳಿಯಿತು. ಬಾಸ್ಟನ್ನಿನ ಆ ಸಣ್ಣ ಫಾರ್ಮಿನಲ್ಲಿ ಲೀವಿ ಕಂಡ ಇಳಿತವನ್ನೇ ಒಂದು ದೇಶದ ಅಳತೆಯಲ್ಲಿ ಕಂಡಂತಾಯಿತು. ಭಾರತ ಸರ್ಕಾರ 2019ರ ಜುಲೈ 19ರಂದು, ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನುಗಳಿಗೆ ಕೊಲಿಸ್ಟಿನ್ ತಯಾರಿಸುವುದನ್ನೂ ಮಾರುವುದನ್ನೂ ನಿಷೇಧಿಸಿತು. ಅದಾದ ಮೇಲೆ ನಮ್ಮ ಪ್ರಯೋಗಾಲಯದ ಬಿಲ್ಲೆಗಳ ಪೆಟ್ಟಿಗೆಗೆ ಕೊಲಿಸ್ಟಿನ್ ಪರೀಕ್ಷೆಯೂ ಸೇರಬೇಕೆಂದು ನಾನು ಕೇಳಿದೆ. ಬಿಲ್ಲೆಯಲ್ಲಿ ಅದು ಸರಿಯಾಗಿ ಹರಡುವುದಿಲ್ಲ, ದ್ರವದಲ್ಲೇ ಮಾಡಬೇಕು, ಖರ್ಚು ಜಾಸ್ತಿ ಎಂದು ಮೊದಲು ಗೊಣಗಿದರು. ಈಗ ಪ್ರತಿ ಬುಧವಾರ ಮಾಡುತ್ತೇವೆ.